ಎಡಪುಟ, ಬಲಪುಟ: ಸಿನಿಮಾ ನೋಡುವುದನ್ನು ನಾನು ಕಲಿತ ಬಗೆ

ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ 'ಪಥೇರ್ ಪಾಂಚಾಲಿ' ನೋಡಿದ ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೆ: "ದುರ್ಗಾ ತೀರಿಕೊಂಡಿದ್ದನ್ನು ಗಂಡನಿಗೆ ಹೇಳಲಾಗದೆ ಸರ್ಬಜಯಾ ಅತ್ತಳಲ್ಲ, ಆ ಅಳು ಇನ್ನೂ ಕಿವಿಯಲ್ಲಿದೆ. ಯಾವ ಸಿನಿಮಾದಲ್ಲೂ ಯಾರೂ ಅಷ್ಟು ಜೋರಾಗಿ ಅತ್ತಿದ್ದನ್ನು ನಾನು ಕೇಳಿಲ್ಲ."

ಒಂದು ವಾರ ಬಿಟ್ಟು ಅದೇ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ಮತ್ತೆ ಹಾಕಿದೆ. ಅಲ್ಲಿ ಅಳುವೇ ಇಲ್ಲ.

ದುಡಿಮೆಗೆಂದು ಪರಊರಿಗೆ ಹೋಗಿದ್ದ ಹರಿಹರ ಬಹಳ ದಿನಗಳ ಮೇಲೆ ಮನೆಗೆ ಬರುತ್ತಾನೆ. ಮಳೆಗಾಳಿಗೆ ಮನೆ ಅರ್ಧ ಬಿದ್ದಿದೆ. ಹೆಂಡತಿ ಮಾತಾಡುವುದಿಲ್ಲ. ಅವನು ತಂದ ಸಾಮಾನುಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾನೆ. ಕೊನೆಗೆ ತೆಗೆಯುವುದು ಮಗಳು ದುರ್ಗಾಳಿಗೆಂದು ತಂದ ಸೀರೆ. ಸರ್ಬಜಯಾ ಆ ಸೀರೆಯನ್ನು ಬಾಯಿಗೆ ಒತ್ತಿಕೊಂಡು ಕುಸಿಯುತ್ತಾಳೆ. ಮೈಯೆಲ್ಲ ಅಲುಗುತ್ತಿದೆ, ಮುಖ ಒಡೆದು ಹೋಗಿದೆ. ಆದರೆ ನಮಗೆ ಕೇಳಿಸುವುದು ಅವಳ ದನಿಯಲ್ಲ, ತಾರ್ ಶಹನಾಯಿಯ ದನಿ. ಹೆಸರಿನಲ್ಲಿ ಶಹನಾಯಿ ಇದ್ದರೂ ಅದು ತಂತಿಯ ಮೇಲೆ ಕಮಾನು ಎಳೆದು ನುಡಿಸುವ ವಾದ್ಯ. 1955ರ ಆ ಚಿತ್ರಕ್ಕೆ ಸಂಗೀತ ರವಿಶಂಕರ್ ಅವರದ್ದು. ಈ ಜಾಗದಲ್ಲಿ ಸತ್ಯಜಿತ್ ರಾಯ್ ಅಮ್ಮನ ಕೂಗನ್ನು ತೆಗೆದುಹಾಕಿ ವಾದ್ಯವನ್ನು ಕೂರಿಸಿದ್ದಾರೆ.

ನಾನು ನಾಲ್ಕು ಸಲ ಹಿಂದೆ ಹೋಗಿ ಹಾಕಿದೆ. ಇಯರ್‌ಫೋನ್ ಸರಿ ಇಲ್ಲವೇನೋ ಎಂದು ಪಕ್ಕದ ಕೋಣೆಯವಳದ್ದು ತಂದೆ. ಇಲ್ಲ, ದನಿ ಇಲ್ಲ. ಹಾಗಾದರೆ ಏಳು ದಿನ ನನ್ನ ಕಿವಿಯಲ್ಲಿದ್ದದ್ದು ಯಾರ ಅಳು? ಅದನ್ನು ನಾನೇ ಅತ್ತು ತುಂಬಿಸಿಕೊಂಡಿದ್ದೆ. ಅವಳ ಬಾಯಿ ಕಾಣುತ್ತಿತ್ತು, ದನಿ ಇರಲಿಲ್ಲ, ಆ ಖಾಲಿ ಜಾಗಕ್ಕೆ ನನಗೆ ಗೊತ್ತಿದ್ದ ಅಳುಗಳೆಲ್ಲ ಹೋಗಿ ಸೇರಿಕೊಂಡವು. ನಿಜವಾದ ಕೂಗನ್ನೇ ಕೇಳಿಸಿದ್ದರೆ ಅದು ಆ ನಟಿಯ ಕೂಗಾಗಿ ಉಳಿಯುತ್ತಿತ್ತು ಅಷ್ಟೇ.

ನಾನು ಸಿನಿಮಾ ನೋಡುವ ಕ್ರಮ ಬದಲಾದದ್ದು ಆ ದಿನದಿಂದ.

ನಾನು ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಊರು ಸಾಗರದ ಹತ್ತಿರ, ಅಡಿಕೆ ತೋಟದ ಮನೆ. ಎರಡನೆಯ ಸೆಮಿಸ್ಟರಿನಲ್ಲಿ ಸಿನಿಮಾ ಅಧ್ಯಯನ ಒಂದು ಪತ್ರಿಕೆ. ಅದನ್ನು ಹೇಳಿಕೊಡುವ ಮೇಡಂ ಮೊದಲ ದಿನವೇ ಇನ್ನೂರು ಪುಟದ ನೋಟ್‌ಬುಕ್ ಇಡಲು ಹೇಳಿದ್ದರು. ನೋಡಿದ ಪ್ರತಿ ಚಿತ್ರಕ್ಕೂ ನಮ್ಮ ಪ್ರತಿಕ್ರಿಯೆ ಬರೆಯಬೇಕು. ನಾನು ಮೊದಲು ಬರೆದ ಆರೇಳು ಚಿತ್ರಗಳ ಪುಟ ನೋಡಿದರೆ ಈಗ ಬೇಸರವಾಗುತ್ತದೆ: ಕಥೆ, ಕಥೆ, ಕಥೆ, ಆಮೇಲೆ "ಛಾಯಾಗ್ರಹಣ ಅದ್ಭುತವಾಗಿದೆ, ಹಿನ್ನೆಲೆ ಸಂಗೀತ ಮನಮುಟ್ಟುತ್ತದೆ." ಆ ವಾಕ್ಯವನ್ನು ಯಾವ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದು. ಮೇಡಂ ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು "ಯಾವ ಶಾಟ್? ನಿನಗೆ ಏನಾಯಿತು?" ಎಂದು ಬರೆದು ವಾಪಸು ಕೊಡುತ್ತಿದ್ದರು. ತಾರ್ ಶಹನಾಯಿಯ ವಿಷಯ ಗೊತ್ತಾಗುವವರೆಗೆ ಆ ಎರಡು ಪ್ರಶ್ನೆಗಳು ಒಂದೇ ಪ್ರಶ್ನೆ ಎಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ನಾನು ಮಾಡಿಕೊಂಡ ವ್ಯವಸ್ಥೆ ಇದು. ನೋಟ್‌ಬುಕ್ ತೆರೆದಾಗ ಎಡಗಡೆಯ ಪುಟ ಚಿತ್ರ ನೋಡಿದ ರಾತ್ರಿಗೆ. ಬೆಳಗಾಗುವುದರೊಳಗೆ ಬರೆಯಬೇಕು, ಯಾರ ವಿಮರ್ಶೆಯನ್ನೂ ಅದಕ್ಕೆ ಮೊದಲು ಓದಬಾರದು, ಜೊತೆಗೆ ನೋಡಿದವರೊಂದಿಗೆ ಚರ್ಚೆಯನ್ನೂ ಮಾಡಬಾರದು. ತಂತ್ರದ ಹೆಸರು ಒಂದೂ ಅಲ್ಲಿ ಬರಕೂಡದು. ಎಲ್ಲಿ ಗಂಟಲು ಕಟ್ಟಿತು, ಎಲ್ಲಿ ಮೊಬೈಲ್ ನೋಡಬೇಕು ಅನ್ನಿಸಿತು, ಎಲ್ಲಿ ಸಿಟ್ಟು ಬಂತು, ಎಲ್ಲಿ ನಿದ್ದೆ, ಇಷ್ಟೇ. ಬಲಪುಟ ಕನಿಷ್ಠ ಒಂದು ವಾರ ಖಾಲಿ ಇರಬೇಕು. ಆಮೇಲೆ ಮತ್ತೆ ಚಿತ್ರ ಹಾಕಿ, ಎಡಪುಟದಲ್ಲಿ ಬರೆದ ಒಂದೊಂದು ಜಾಗಕ್ಕೂ ಹೋಗಿ, ಅಲ್ಲಿ ನಿಜವಾಗಿ ಏನಿದೆ ಎಂದು ಬರೆಯುವುದು. ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಕುವ ವಿಎಲ್‌ಸಿ ಪ್ಲೇಯರಿನಲ್ಲಿ 'ಇ' ಕೀಲಿ ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಅದು ನನಗೆ ಬಹಳ ಉಪಯೋಗವಾಯಿತು. ಶಾಟ್ ಎಷ್ಟು ಸೆಕೆಂಡು ಎಂದು ಫೋನಿನ ಸ್ಟಾಪ್‌ವಾಚ್‌ನಲ್ಲಿ ಹಿಡಿಯುತ್ತೇನೆ. ಪೆನ್ಸಿಲಿನಲ್ಲಿ ಸಣ್ಣ ಚೌಕ ಹಾಕಿ ಯಾರು ಎಲ್ಲಿ ನಿಂತಿದ್ದಾರೆ, ಬೆಳಕು ಯಾವ ಕಡೆಯಿಂದ ಎಂದು ಗುರುತು ಮಾಡುತ್ತೇನೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಕಡ್ಡಿಯಂಥ ಮನುಷ್ಯರು ಸಾಕು.

ಎಡಪುಟವನ್ನು ತಿದ್ದಬಾರದು ಅನ್ನುವುದೊಂದೇ ನಾನು ಕಟ್ಟುನಿಟ್ಟಾಗಿ ಇಟ್ಟುಕೊಂಡ ನಿಯಮ. ಇಲ್ಲದ ಅಳುವನ್ನು ಕೇಳಿದೆ ಎಂದು ಬರೆದ ಆ ಪುಟವನ್ನು ನಾಚಿಕೆಯಿಂದ ಹರಿದು ಹಾಕಿದ್ದರೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ 'ಘಟಶ್ರಾದ್ಧ' ನೋಡಿದೆ. ಗಿರೀಶ ಕಾಸರವಳ್ಳಿ ಅವರ ಮೊದಲ ಚಿತ್ರ, 1977ರದ್ದು, ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕ್ಯಾಮೆರಾ, ಬಿ.ವಿ. ಕಾರಂತರ ಸಂಗೀತ. ನಾನು ನೋಡಿದ್ದು ಮಸುಕಾದ ಪ್ರತಿ. ಅದನ್ನು ದುರಸ್ತಿ ಮಾಡಿದ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದನ್ನು ದೊಡ್ಡ ಪರದೆಯಲ್ಲಿ ನೋಡುವ ಆಸೆ ನನಗೆ ತುಂಬಾ ಇದೆ. ಅಜ್ಜಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಎಲೆ ಹಾಕುತ್ತ ನೋಡಿದರು.

ಎಡಪುಟದಲ್ಲಿ ಇರುವುದು ಎರಡೇ ಸಾಲು: "ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ."

ಯಮುನಕ್ಕ ವಿಧವೆ, ವೇದಪಾಠ ಹೇಳಿಕೊಡುವ ಉಡುಪರ ಮಗಳು. ಶಾಲೆಯ ಮೇಷ್ಟರೊಬ್ಬನಿಂದ ಬಸಿರಾಗುತ್ತಾಳೆ. ಅಪ್ಪ, ಬದುಕಿರುವ ಮಗಳಿಗೆ ಮಡಕೆ ಒಡೆದು ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ಸಿಟ್ಟು ಬರಲು ಕಾರಣ ಬೇಕಷ್ಟಿದೆ. ಆದರೆ 'ಯಾರ ಮೇಲೆ ಗೊತ್ತಾಗುತ್ತಿಲ್ಲ' ಎಂದು ಏಕೆ ಬರೆದೆ? ಆ ಅಪ್ಪನ ಮೇಲೆ, ಆ ಮೇಷ್ಟರ ಮೇಲೆ ಎಂದು ಬರೆಯಬಹುದಿತ್ತಲ್ಲ. ಬಲಪುಟಕ್ಕೆ ಕೂತಾಗ ಚೌಕಗಳನ್ನು ಬಿಡಿಸುತ್ತ ಹೋದೆ. ಚೌಕದಲ್ಲಿ ಮತ್ತೆ ಮತ್ತೆ ಒಂದು ಸಣ್ಣ ಕಡ್ಡಿಮನುಷ್ಯ ಬರುತ್ತಿದ್ದ. ಪಾಠಕ್ಕೆಂದು ಬಂದು ಆ ಮನೆಯಲ್ಲಿ ಉಳಿದ ನಾಣಿ. ಚಿತ್ರ ಅವನ ಜೊತೆಗೇ ನಡೆಯುತ್ತದೆ. ದೊಡ್ಡವರ ಪಿಸುಮಾತು ಅವನಿಗೆ ಎಷ್ಟು ಸಿಕ್ಕಿತೋ ನಮಗೂ ಅಷ್ಟೇ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ, ಆದರೆ ಅವನಿಗಿಂತ ಹೆಚ್ಚೇನೂ ನಮ್ಮ ಕೈಲಾಗುವುದಿಲ್ಲ. ಕೊನೆಗೆ ನಾಣಿಯ ಅಪ್ಪ ಬಂದು ಅವನನ್ನು ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿಕೊಂಡು ಒಬ್ಬಳೇ ಇರುವ ಯಮುನಕ್ಕ ಅವನ ಕಣ್ಣಿಗೆ ಬೀಳುತ್ತಾಳೆ. ನಾವೂ ಅವನ ಹಾಗೆಯೇ ಕೈ ಹಿಡಿಸಿಕೊಂಡು ಅಲ್ಲಿಂದ ಹೋಗಬೇಕು. ನನ್ನ ಸಿಟ್ಟು ಆ ಕೈಲಾಗದ ಸ್ಥಿತಿಯ ಮೇಲಿತ್ತು. ಇಪ್ಪತ್ತೆರಡು ವರ್ಷದವಳನ್ನು ಆ ಚಿತ್ರ ಎಂಟು ವರ್ಷದ ಮಾಣಿಯ ಎತ್ತರಕ್ಕೆ ಇಳಿಸಿ ಕೂರಿಸಿತ್ತು.

ಅಜ್ಜಿ ಚಿತ್ರ ಮುಗಿದ ಮೇಲೆ ಯಮುನಕ್ಕನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆ ಮಾಣಿ ಮನೆಗೆ ಹೋಗಿ ಉಂಡನಾ?" ಎಂದು ಕೇಳಿದರು. ಆಗ ನಾನು ಸ್ವಲ್ಪ ಅಸಮಾಧಾನದಿಂದ ಸುಮ್ಮನಾದೆ. ಬಲಪುಟ ಬರೆಯುವಾಗ ಗೊತ್ತಾಯಿತು, ಚೌಕ ಬಿಡಿಸಿ ವಾರ ಕಳೆದು ನಾನು ತಲುಪಿದ ಜಾಗಕ್ಕೆ ಅಜ್ಜಿ ಅಂದೇ ತಲುಪಿದ್ದರು. ಅವರ ಕಣ್ಣು ಇಡೀ ಹೊತ್ತು ಹುಡುಗನ ಜೊತೆಗಿತ್ತು. ರಾತ್ರಿ ಮಲಗುವ ಮುಂಚೆ, ತಾವು ಚಿಕ್ಕವರಿದ್ದಾಗ ಕೇರಿಯಲ್ಲಿ ಕೆಂಪು ಸೀರೆಯ, ತಲೆ ಬೋಳಿಸಿದ ಒಬ್ಬ ಅಮ್ಮ ಇದ್ದರೆಂದೂ ಶುಭದ ದಿನ ಅವರ ಎದುರು ಹೋಗಬಾರದೆಂದು ಮನೆಯಲ್ಲಿ ಹೇಳುತ್ತಿದ್ದರೆಂದೂ ತಾನಾಗಿಯೇ ಹೇಳಿದರು. "ನಾವೂ ನೋಡ್ತಾ ಇದ್ದೆವು ಅಷ್ಟೆ" ಅಂದರು.

ಕೊಯ್ಲು ಶುರುವಾದ ಮೇಲೆ ನಮ್ಮ ಕಡೆ ರಾತ್ರಿ ಅಂದರೆ ಅಡಿಕೆ ಸುಲಿಯುವ ಹೊತ್ತು. ಊಟ ಮುಗಿಸಿ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ಹನ್ನೊಂದು, ಹನ್ನೆರಡು ಗಂಟೆ. ಮನೆಯವರು, ಪಕ್ಕದ ಮನೆಯವರು, ಕೂಲಿಗೆ ಬರುವವರು. ಮೊದಲೆಲ್ಲ ಕಥೆ, ಊರ ಸುದ್ದಿ, ರೇಡಿಯೋ. ಈಗ ಒಂದು ಟೀವಿ ಇರುತ್ತದೆ. ಒಂದು ಶನಿವಾರ ನಾನು ಬಸ್ಸಿನಲ್ಲಿ ಬಂದವಳು ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ 'ಬೈಸಿಕಲ್ ಥೀವ್ಸ್' ಹಾಕಿದೆ. ವಿಟ್ಟೋರಿಯೋ ಡಿ ಸಿಕಾ, 1948, ಯುದ್ಧ ಮುಗಿದು ಹಾಳಾಗಿದ್ದ ರೋಮ್ ನಗರದ ಬೀದಿಗಳಲ್ಲೇ ತೆಗೆದದ್ದು. ಅಪ್ಪನ ಪಾತ್ರ ಮಾಡಿದ ಲಾಂಬರ್ತೋ ಮಜೋರಾನಿ ಕಾರ್ಖಾನೆಯ ಕೆಲಸಗಾರ, ನಟನಲ್ಲ. ಪಕ್ಕದ ಮನೆಯ ಅತ್ತೆ ಒಬ್ಬರು "ಇದನ್ನು ನಾನು ಹೆಗ್ಗೋಡಲ್ಲಿ ನೋಡಿದೀನಿ ಕಣೇ, ಮದುವೆಗೆ ಮೊದಲು" ಅಂದಾಗ ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಾರೆ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ಕೆ.ವಿ. ಸುಬ್ಬಣ್ಣನವರು ಜಗತ್ತಿನ ಚಿತ್ರಗಳನ್ನು ತಂದು ಹಳ್ಳಿಯವರಿಗೆ ತೋರಿಸಿದರೆಂದು ನಾನು ಓದಿದ್ದೆ. ಆದರೆ ಆ ನೋಡುಗರಲ್ಲಿ ಒಬ್ಬರು ನನ್ನ ಎದುರೇ ಕೂತು ಅಡಿಕೆ ಸುಲಿಯುತ್ತಿದ್ದರು.

ಇಂಗ್ಲಿಷ್ ಅಡಿಬರಹವನ್ನು ನಾನು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಿದ್ದೆ. ಹತ್ತು ನಿಮಿಷದಲ್ಲಿ ಅಮ್ಮ "ನೀ ಸುಮ್ನಿರು ಕೂಸೇ, ಗೊತ್ತಾಗ್ತದೆ" ಅಂದರು.

ಗಂಡನ ಕೆಲಸಕ್ಕೆ ಬೇಕಾದ ಸೈಕಲ್ಲನ್ನು ಅಡವಿನಿಂದ ಬಿಡಿಸಲು ಹೆಂಡತಿ ಹಾಸಿಗೆಯ ಮೇಲಿದ್ದ ಹಾಸುಬಟ್ಟೆಗಳನ್ನೇ ಎಳೆದು ಗಂಟು ಕಟ್ಟಿ ಅಡವಿಡಲು ಒಯ್ಯುತ್ತಾಳೆ. ಕಿಟಕಿಯ ಆಚೆ ಗುಮಾಸ್ತ ಗಂಟು ತೆಗೆದುಕೊಂಡು ಹಣ ಕೊಡುತ್ತಾನೆ. ಗಂಡ ಸೈಕಲ್ ಬಿಡಿಸಿಕೊಳ್ಳುವಾಗ ಕಿಟಕಿಯೊಳಗೆ ನೋಡುತ್ತಾನೆ: ಒಬ್ಬ ಕೆಲಸಗಾರ ಅವರ ಗಂಟನ್ನು ಹಿಡಿದು ಎತ್ತರದ ಅಟ್ಟಣಿಗೆ ಹತ್ತುತ್ತಾನೆ. ಹತ್ತುತ್ತಾನೆ, ಹತ್ತುತ್ತಾನೆ. ಕ್ಯಾಮೆರಾ ಅವನ ಜೊತೆ ಮೇಲೆ ಹೋಗುತ್ತದೆ. ಅಲ್ಲಿ ಸೂರಿನವರೆಗೆ ಗಂಟುಗಳು.

ಜಗಲಿಯಲ್ಲಿ ಕತ್ತಿಗಳ ಸದ್ದು ನಿಂತಿತು. ಅಮ್ಮ ಅಂದರು: "ಅಯ್ಯೋ, ಅಷ್ಟೂ ಜನರದ್ದಾ?" ಅಜ್ಜಿ ಅಂದರು: "ರಾತ್ರಿ ಹಾಸಿಕೊಳ್ಳಲಿಕ್ಕೆ ಎಂತ ಮಾಡ್ತಾರೆ ಇನ್ನು?"

ನಾನು ಅದಕ್ಕೆ ಮೊದಲು ಆ ಚಿತ್ರವನ್ನು ತರಗತಿಯಲ್ಲಿ ಒಮ್ಮೆ ನೋಡಿದ್ದೆ. ಎಡಪುಟವೂ ಇತ್ತು, ಬಲಪುಟವೂ ಮುಗಿದಿತ್ತು. ಎರಡರಲ್ಲೂ ಆ ಶಾಟ್ ಇರಲಿಲ್ಲ. ಮಳೆಯಲ್ಲಿ ನೆನೆಯುವ ಅಪ್ಪ ಮಗ, ಹೋಟೆಲಿನಲ್ಲಿ ಶ್ರೀಮಂತರ ಹುಡುಗನ ಕಡೆ ತಿರುಗಿ ತಿರುಗಿ ನೋಡುತ್ತ ಚೀಸ್ ಎಳೆದು ತಿನ್ನುವ ಬ್ರೂನೋ, ಎಲ್ಲವೂ ಇದ್ದವು. ಅಡವಿನ ಅಟ್ಟಣಿಗೆ ನನ್ನ ಕಣ್ಣ ಮುಂದೆಯೇ ಹೋಗಿತ್ತು, ನನಗೆ ಕಾಣಿಸಿರಲಿಲ್ಲ. ಕಾರಣ ಈಗ ಗೊತ್ತು. ನಾನು ಯಾವತ್ತೂ ಏನನ್ನೂ ಅಡವಿಟ್ಟವಳಲ್ಲ. ನನ್ನ ಕಾಲೇಜಿನ ಫೀಸಿಗೆ ಅಮ್ಮ ಸೊಸೈಟಿಯಲ್ಲಿ ಬಳೆ ಇಟ್ಟಿದ್ದು ನನಗೆ ತಿಳಿದದ್ದು ಆ ರಾತ್ರಿ, ಆ ದೃಶ್ಯ ಮುಗಿದು ಸ್ವಲ್ಪ ಹೊತ್ತಿಗೆ, ಅಮ್ಮ ಪಕ್ಕದ ಮನೆಯ ಅತ್ತೆಗೆ ಮೆಲ್ಲಗೆ ಹೇಳುತ್ತಿದ್ದಾಗ. ಅಲ್ಲಿಯೂ ಲಕೋಟೆಗೆ ನಂಬರ್ ಹಾಕಿ ಒಳಗೆ ಇಡುತ್ತಾರಂತೆ. ಒಳಗೆ ಎಷ್ಟು ಲಕೋಟೆ ಇರಬಹುದು ಎಂದು ಅಮ್ಮನಿಗೆ ಅಂದೇ ಅನ್ನಿಸಿತ್ತಂತೆ.

ಒಂದು ಕುಟುಂಬದ ಕಥೆ ಆ ಒಂದು ಶಾಟಿನಲ್ಲಿ ಇಡೀ ಊರಿನ ಕಥೆಯಾಗುತ್ತದೆ. ಯಾರೂ ಭಾಷಣ ಮಾಡುವುದಿಲ್ಲ, ಯಾರ ಮುಖದ ಕ್ಲೋಸ್‌ಅಪ್ಪೂ ಬೇಕಾಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಕ್ಯಾಮೆರಾ ಹೋದರೆ ಸಾಕು. ಇಂಥ ಕಡೆ 'ಟಿಲ್ಟ್ ಅಪ್' ಎಂದು ಬರೆದು ಅಂಕ ಪಡೆಯಬಹುದು, ನಾನೂ ಪಡೆದಿದ್ದೇನೆ. ಆದರೆ ಆ ಹೆಸರು ಬರೆದ ತಕ್ಷಣ ಶಾಟ್ ಅರ್ಥವಾಯಿತೆಂದು ನಮಗೆ ಅನ್ನಿಸಿಬಿಡುತ್ತದೆ, ಅದೇ ದೊಡ್ಡ ತೊಂದರೆ. ಆ ದಿನದಿಂದ ಎಡಪುಟದ ಕೆಳಗೆ ನಾಲ್ಕು ಬೆರಳು ಜಾಗ ಬಿಡುತ್ತೇನೆ, ಜೊತೆಗೆ ನೋಡಿದವರು ನೋಡುತ್ತಿರುವಾಗಲೇ ಆಡಿದ ಮಾತು ಬರೆಯಲು. ಚರ್ಚೆ ಮಾಡಬಾರದು ಅನ್ನುವ ನನ್ನದೇ ನಿಯಮಕ್ಕೆ ಇದು ಅಡ್ಡ ಬರುವುದಿಲ್ಲ, ಏಕೆಂದರೆ ಅದು ಚರ್ಚೆಯಲ್ಲ.

ದನಿ ಮುಚ್ಚಿ ನೋಡುವ ಅಭ್ಯಾಸವೂ ಹೀಗೇ ಬೆಳೆಯಿತು. ಹಿಚ್‌ಕಾಕ್ ಅವರ 'ಸೈಕೋ' (1960) ಚಿತ್ರದ ಸ್ನಾನದ ಮನೆಯ ಕೊಲೆ ಎಲ್ಲರಿಗೂ ಗೊತ್ತಿರುವುದೇ. ಮೊದಲ ಸಲ ನಾನು ತಲೆದಿಂಬು ಮುಖಕ್ಕೆ ಹಿಡಿದಿದ್ದೆ. ಎರಡನೆಯ ಸಲ ದನಿ ತೆಗೆದು ನೋಡಿದೆ, ದಿಂಬು ಬೇಕಾಗಲಿಲ್ಲ. ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದರಂತೆ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಬರೆದ ಆ ಕಿರಿಚಾಟ ಕೇಳಿದ ಮೇಲೆ ಮನಸ್ಸು ಬದಲಿಸಿದರು. ಮೂರನೆಯ ಸಲ ಕಣ್ಣು ಮುಚ್ಚಿ ದನಿ ಮಾತ್ರ ಕೇಳಿದೆ, ಮೈ ಬೆವರಿತು. ನಾಲ್ಕನೆಯ ಸಲ ಒಂದೊಂದೇ ಫ್ರೇಮ್ ಒತ್ತುತ್ತ ಕಟ್, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಬರುವ ಜಾಗಗಳನ್ನು ಎಣಿಸಿದೆ. ಒಂದು ನಿಮಿಷವೂ ಇಲ್ಲದ ಕೊಲೆಯಲ್ಲಿ ಹತ್ತಾರು ಕಟ್‌ಗಳಿವೆ. ಕತ್ತಿ ಮೈಗೆ ಇಳಿಯುವುದನ್ನು ನಾನು ಸ್ಪಷ್ಟವಾಗಿ ನೋಡಿದ್ದೇನೆ ಎಂದು ಎಡಪುಟದಲ್ಲಿದೆ. ಸರ್ಬಜಯಾಳ ಅಳುವಿನ ಹಾಗೆ ಇದನ್ನೂ ಬಹುಮಟ್ಟಿಗೆ ನಾನೇ ಜೋಡಿಸಿಕೊಂಡಿದ್ದೆ. ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಬಲಪುಟದಲ್ಲಿ ಬರೆದಿದ್ದೇನೆ: ಇಲ್ಲಿ ನನಗೆ ಯೋಚಿಸಲು ಸಮಯವನ್ನೇ ಕೊಡದೆ ನನ್ನಿಂದ ಮಾಡಿಸಿದರು, ಅಲ್ಲಿ ಸಮಯ ಕೊಟ್ಟು ಮಾಡಿಸಿದರು. ನನಗೆ ಎರಡನೆಯದೇ ಹೆಚ್ಚು.

'ರಾಶೋಮಾನ್' (1950) ನೋಡಿದ ಮೇಲೆ ಎರಡು ದಿನ ತೋಟದಲ್ಲಿ ಫೋನ್ ಮೇಲಕ್ಕೆ ಹಿಡಿದು ಓಡಾಡಿದೆ. ಕಾಡಿನ ಎಲೆಗಳ ನಡುವಿನಿಂದ ನೇರ ಸೂರ್ಯನಿಗೇ ಕ್ಯಾಮೆರಾ ಹಿಡಿದವರು ಕಝುವೋ ಮಿಯಾಗಾವಾ. ದಟ್ಟ ನೆರಳಿನಲ್ಲಿ ಬೆಳಕು ಸಾಲದೆ ಕನ್ನಡಿಗಳಿಂದ ಬಿಸಿಲನ್ನು ನಟರ ಮೇಲೆ ತಿರುಗಿಸಿದರು. ನಮ್ಮ ತೋಟದಲ್ಲೂ ಮಧ್ಯಾಹ್ನ ಅದೇ ಬೆಳಕು, ನೆಲದ ಮೇಲೆ ಚುಕ್ಕಿ ಚುಕ್ಕಿ. ನನ್ನ ಫೋನಿನಲ್ಲಿ ಆಕಾಶ ಬಿಳಿಯಾಗಿ ಸುಟ್ಟುಹೋಗಿ ಸೋಗೆಗಳು ಕಪ್ಪು ಮುದ್ದೆಯಾದವು. ಪರದೆಯನ್ನು ಒತ್ತಿ ಹಿಡಿದು ಬೆಳಕಿನ ಅಳತೆಯನ್ನು ಒಂದೇ ಕಡೆ ನಿಲ್ಲಿಸಬಹುದು ಎಂದು ಕಲಿತದ್ದು ಆಗ.

'ತಿಥಿ'ಯನ್ನು ಹಾಸ್ಟೆಲಿನಲ್ಲಿ ಆರು ಜನ ಸೇರಿ ನೋಡಿದೆವು. ರಾಮ್ ರೆಡ್ಡಿ ಅವರ ಚಿತ್ರ, 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಸುತ್ತಲಿನ ಜನರೇ ಪಾತ್ರಧಾರಿಗಳು. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಿದ್ದವನು ಎದ್ದು ಹೋಗಿ ಬಿದ್ದು ಸತ್ತೇ ಹೋಗುತ್ತಾನೆ. ನಾವು ನಗುತ್ತಿದ್ದೆವು, ನಗು ನಿಲ್ಲುವುದರೊಳಗೆ ಸಾವು ಆಗಿಬಿಟ್ಟಿತ್ತು. ಈಗ ಅಳಬೇಕು, ಈಗ ನಗಬೇಕು ಎಂದು ಹೇಳಿಕೊಡುವ ಸಂಗೀತ ಅಲ್ಲಿಲ್ಲ. ನಮ್ಮಲ್ಲಿ ಮಂಡ್ಯದವಳೊಬ್ಬಳು ನಾವು ನಗದ ಕಡೆಯೆಲ್ಲ ನಗುತ್ತಿದ್ದಳು, ನಾವು ನಕ್ಕ ಕೆಲವು ಕಡೆ ಸುಮ್ಮನಿದ್ದಳು. ಬೈಗುಳದಲ್ಲಿ ಪ್ರೀತಿ ಎಲ್ಲಿದೆ, ಅವಮಾನ ಎಲ್ಲಿದೆ ಅವಳಿಗೆ ಕೇಳಿಸುತ್ತಿತ್ತು. ನಾವೂ ಕನ್ನಡದವರೇ, ಆದರೂ ಆ ಚಿತ್ರವನ್ನು ಅರ್ಧ ಅಡಿಬರಹ ಓದಿದಂತೆ ನೋಡಿದ್ದೆವು.

ಇನ್ನು 'ಟೋಕಿಯೋ ಸ್ಟೋರಿ'ಯ ಮಾತು. ಒಝು ಅವರ ಈ 1953ರ ಚಿತ್ರವನ್ನು ಮೊದಲ ಸಲ ನೋಡಿದಾಗಿನ ಎಡಪುಟ: "ನಿದ್ದೆ ಬಂತು. ಯಾರೂ ಎಲ್ಲಿಗೂ ಹೋಗುವುದಿಲ್ಲ. ಎಲ್ಲರೂ ಕೂತೇ ಇರುತ್ತಾರೆ. ಮುದುಕ ಮುದುಕಿ ಮಕ್ಕಳ ಮನೆಗೆ ಬರುತ್ತಾರೆ, ಮಕ್ಕಳಿಗೆ ಪುರಸೊತ್ತಿಲ್ಲ, ವಾಪಸು ಹೋಗುತ್ತಾರೆ, ಮುದುಕಿ ಸಾಯುತ್ತಾಳೆ." ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದು ಯಾವಾಗಲೂ ಇರುತ್ತದೆ ಎಂದು ಗೊತ್ತಿತ್ತು, ಆದರೂ ನಿದ್ದೆ ಬಂದದ್ದನ್ನು ಬರೆದೆ. ಬಲಪುಟದಲ್ಲಿ ಕ್ಯಾಮೆರಾ ಬಹಳ ಕೆಳಗಿದೆ, ಹೆಚ್ಚೂಕಡಿಮೆ ಅಲುಗುವುದೇ ಇಲ್ಲ ಎಂದು ಪಾಠದಲ್ಲಿ ಕೇಳಿದ್ದನ್ನು ಬರೆದು ಮುಗಿಸಿದ್ದೆ. ಅದು ಸತ್ತ ಪುಟ.

ಆಷಾಢದ ಮಳೆಯಲ್ಲಿ ಅಜ್ಜಿ ತೀರಿಕೊಂಡರು. ನಾನು ಆಗ ಪರೀಕ್ಷೆಯ ನಡುವೆ ಇದ್ದೆ. ತಲುಪುವಾಗ ರಾತ್ರಿಯಾಗಿತ್ತು, ಎಲ್ಲ ಮುಗಿದಿತ್ತು. ಅದರ ಹಿಂದಿನ ತಿಂಗಳು ಅಜ್ಜಿ ಫೋನ್ ಮಾಡಿ "ಯಾವಾಗ ಬರ್ತೆ?" ಎಂದು ಕೇಳಿದಾಗ ಅಸೈನ್‌ಮೆಂಟ್ ಇದೆ ಎಂದಿದ್ದೆ. ಇದ್ದದ್ದು ನಿಜ.

ವೈಕುಂಠ ಸಮಾರಾಧನೆ ಮುಗಿಸಿ ಹಾಸ್ಟೆಲಿಗೆ ಬಂದ ಮೇಲೆ ಯಾಕೋ ಆ ಚಿತ್ರವನ್ನೇ ಹಾಕಿದೆ. ಶುರುವಿನಲ್ಲಿ ಒನೊಮಿಚಿ ಎಂಬ ಊರಿನ ತಮ್ಮ ಮನೆಯಲ್ಲಿ ಮುದುಕ ಮುದುಕಿ ನೆಲದ ಮೇಲೆ ಅಕ್ಕಪಕ್ಕ ಕೂತು ಪ್ರಯಾಣಕ್ಕೆ ಸಾಮಾನು ಕಟ್ಟುತ್ತಿದ್ದಾರೆ. ಪಕ್ಕದ ಮನೆಯವಳು ಕಿಟಕಿಯ ಹತ್ತಿರ ನಿಂತು ಎರಡು ಮಾತಾಡಿ ಹೋಗುತ್ತಾಳೆ. ಚಿತ್ರದ ಕೊನೆಯಲ್ಲಿ ಅದೇ ಜಾಗ, ಅದೇ ಕಿಟಕಿ, ಪಕ್ಕದ ಮನೆಯವಳು ಅದೇ ರೀತಿ ಬಂದು ಮಾತಾಡಿ ಹೋಗುತ್ತಾಳೆ. ಮುದುಕ ಒಬ್ಬನೇ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಾನೆ. ಒಬ್ಬರೇ ಇದ್ದರೆ ದಿನ ಉದ್ದ ಅನ್ನಿಸುತ್ತದೆ ಎನ್ನುವ ಅರ್ಥದ ಮಾತೊಂದನ್ನು ಆಡುತ್ತಾನೆ. ಪಕ್ಕದಲ್ಲಿ ನೆಲ ಖಾಲಿ.

ಆ ನೆಲವನ್ನು ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಕ್ಯಾಮೆರಾ ಯಾಕೆ ಅಷ್ಟು ಕೆಳಗೆ ಅನ್ನುವುದಕ್ಕೆ ನನ್ನ ಹಳೆಯ ಬಲಪುಟದಲ್ಲಿ ಜಪಾನಿನ ಚಾಪೆಯ ಸಂಪ್ರದಾಯ ಎಂದೆಲ್ಲ ಇತ್ತು. ಅದು ಸರಿಯೇ ಇರಬಹುದು. ನನಗೆ ಆ ರಾತ್ರಿ ಕಂಡದ್ದು ಬೇರೆ: ಅದು ನಮ್ಮ ಜಗಲಿಯಲ್ಲಿ ಕೂತವರ ಕಣ್ಣಿನ ಎತ್ತರ. ಮಣೆಯ ಮೇಲೆ ಕೂತು ಪಕ್ಕಕ್ಕೆ ತಿರುಗಿದರೆ ಅಜ್ಜಿ ಕಾಣುತ್ತಿದ್ದದ್ದು ಆ ಎತ್ತರದಲ್ಲಿ. ನಾನು ಮೊದಲ ಸಲ ಆ ಚಿತ್ರವನ್ನು ನಿಂತುಕೊಂಡು ನೋಡಿದ್ದೆ, ಅವಸರದಲ್ಲಿರುವ ಮಕ್ಕಳ ಹಾಗೆ.

ಮೂರನೆಯ ಸೆಮಿಸ್ಟರಿನಲ್ಲಿ ಮೂರು ನಿಮಿಷದ, ಮಾತಿಲ್ಲದ ಚಿತ್ರವೊಂದನ್ನು ಫೋನಿನಲ್ಲಿ ತೆಗೆಯಬೇಕಿತ್ತು. ನಾನು ಸುಲಿಯುವ ರಾತ್ರಿಯನ್ನೇ ಆರಿಸಿಕೊಂಡೆ. ಮೊದಲ ದಿನ ಕಲಿತದ್ದನ್ನೆಲ್ಲ ಒಟ್ಟಿಗೆ ಮಾಡಿದೆ: ಸಾಲಿನ ಉದ್ದಕ್ಕೂ ನಡೆಯುತ್ತ ಹೋದೆ, ಕತ್ತಿಯ ಮೇಲೆ ಜೂಮ್ ಮಾಡಿದೆ, ಸಿಪ್ಪೆ ಹಾರುವುದನ್ನು ಸ್ಲೋಮೋಷನ್‌ನಲ್ಲಿ ತೆಗೆದೆ, ಮೇಲೆ ಕೊಳಲು ಹಾಕಿದೆ. ನೋಡಿದರೆ ಅಡಿಕೆಯ ಜಾಹೀರಾತಿನಂತಿತ್ತು. ಎರಡನೆಯ ದಿನ ಫೋನನ್ನು ಒಂದು ಮಣೆಯ ಮೇಲೆ, ತಂಬಿಗೆಗೆ ಒರಗಿಸಿ ಇಟ್ಟು ಮುಟ್ಟಲಿಲ್ಲ. ಜಗಲಿಯ ಒಂದೇ ಬಲ್ಬಿನ ಬೆಳಕು ಮುಖದ ಅರ್ಧಕ್ಕೆ ಮಾತ್ರ ಬೀಳುತ್ತಿತ್ತು. ರಾಯ್ ಅವರದೇ 'ಅಪರಾಜಿತೋ' ಚಿತ್ರದಲ್ಲಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಮೇಲಿನಿಂದ ಇಳಿಯುವ ಮೆತ್ತನೆಯ ಬೆಳಕಿಗಾಗಿ ಛಾಯಾಗ್ರಾಹಕ ಸುಬ್ರತ ಮಿತ್ರ ಬಿಳಿ ಬಟ್ಟೆ ಕಟ್ಟಿ ದೀಪದ ಬೆಳಕನ್ನು ಅದಕ್ಕೆ ಹೊಡೆಸಿ ತಿರುಗಿಸಿದರು ಎಂದು ಓದಿದ್ದೆ. ಅಪ್ಪನ ಬಿಳಿ ಪಂಚೆಯನ್ನು ಎದುರಿನ ಹಗ್ಗಕ್ಕೆ ಹರಡಿದೆ, ಇನ್ನೊಂದು ಬಲ್ಬನ್ನು ಅದರ ಕಡೆ ತಿರುಗಿಸಿದೆ. ಮುಖಗಳು ಮೆಲ್ಲಗೆ ಮೇಲೆ ಬಂದವು. ಯಾರ ಕಣ್ಣಿಗೂ ಬೆಳಕು ಕುಕ್ಕಲಿಲ್ಲ, ಹಾಗಾಗಿ ಅವರೆಲ್ಲ ಐದು ನಿಮಿಷದಲ್ಲಿ ಫೋನನ್ನು ಮರೆತರು.

ಸದ್ದು ಹೆಚ್ಚು ಕಷ್ಟ ಕೊಟ್ಟಿತು. ಎಲ್ಲರೂ ಸುಮ್ಮನಾದಾಗ ಫೋನು ತಾನೇ ದನಿಯನ್ನು ಏರಿಸಿಕೊಳ್ಳುತ್ತದೆ, ಜೀರುಂಡೆ ಸದ್ದು ಅಲೆಯಂತೆ ಬರುತ್ತದೆ. ಅಮ್ಮನ ಫೋನನ್ನು ಮೆಟ್ಟುಗತ್ತಿಯ ಹತ್ತಿರ ಇಟ್ಟು ಬೇರೆಯಾಗಿ ರೆಕಾರ್ಡ್ ಮಾಡಿದೆ. ಕಾಯಿ ಕತ್ತಿಗೆ ಸಿಗುವ ಸದ್ದು, ಸಿಪ್ಪೆ ಬೀಳುವ ಸದ್ದು, ಅಡಿಕೆ ಬುಟ್ಟಿಗೆ ಬೀಳುವ ಸದ್ದು, ಮೂರೂ ಬೇರೆ ಬೇರೆ. ಎರಡೂ ಫೋನುಗಳ ರೆಕಾರ್ಡಿಂಗನ್ನು ಆಮೇಲೆ ಕೂಡಿಸಲು ಗುರುತಿಗೆಂದು ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದ್ದೆ.

ಫ್ರೇಮಿನಲ್ಲಿ ಐದು ಜನ. ಎಡಗಡೆಯಿಂದ ಮೂರನೆಯ ಜಾಗದಲ್ಲಿ ಅಜ್ಜಿ ಕೂರುತ್ತಿದ್ದರು. ಯಾರೂ ಹೇಳದಿದ್ದರೂ ಅಲ್ಲಿ ಯಾರೂ ಕೂತಿರಲಿಲ್ಲ, ಮಣೆಯೊಂದು ಗೋಡೆಗೆ ಒರಗಿತ್ತು. ನಾನು ಕ್ಯಾಮೆರಾವನ್ನು ಆ ಖಾಲಿ ಜಾಗ ಸರಿಯಾಗಿ ಮಧ್ಯ ಬರುವಂತೆ ಇಟ್ಟಿದ್ದೆ. ಮೂರು ನಿಮಿಷ, ಒಂದೇ ಶಾಟ್.

ತರಗತಿಯಲ್ಲಿ ತೋರಿಸಿದೆವು. ಎಲ್ಲರೂ ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಎಡಪುಟ ಬರೆದುಕೊಡಬೇಕು ಎಂದು ಮೇಡಂ ಹೇಳಿದ್ದರು. ನನಗೆ ಬಂದ ಹದಿನಾ‌ಲ್ಕು ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ಕತ್ತಿಯ ಸದ್ದು ಇಷ್ಟವಾಯಿತು ಎಂದು ಒಂಬತ್ತು ಜನ ಬರೆದಿದ್ದರು. ಬೆಳಕು ಚೆನ್ನಾಗಿದೆ, ಊರು ನೆನಪಾಯಿತು, ಬಲತುದಿಯ ಹೆಂಗಸು ಯಾರು, ಅವರ ಕೈ ಎಷ್ಟು ಬೇಗ ಓಡುತ್ತದೆ. ಮಧ್ಯದ ಖಾಲಿ ಜಾಗದ ಬಗ್ಗೆ ಒಬ್ಬರೂ ಬರೆದಿರಲಿಲ್ಲ. ಒಬ್ಬಳು ಮಾತ್ರ "ಸಾಲು ಸ್ವಲ್ಪ ಹತ್ತಿರ ಕೂತಿದ್ದರೆ ಫ್ರೇಮ್ ತುಂಬುತ್ತಿತ್ತು" ಅಂದಿದ್ದಳು.

ಬೇಜಾರಾಯಿತು, ಒಪ್ಪುತ್ತೇನೆ. ಆಮೇಲೆ ಬಲಪುಟ ತೆರೆದು ಒಝು ಅವರ ಎರಡು ಶಾಟುಗಳ ಚೌಕವನ್ನು ಪಕ್ಕಪಕ್ಕ ಬಿಡಿಸಿದೆ. ಮೊದಲ ಚೌಕದಲ್ಲಿ ಇಬ್ಬರು, ಕೊನೆಯ ಚೌಕದಲ್ಲಿ ಒಬ್ಬ. ನನ್ನ ಚಿತ್ರದಲ್ಲಿ ಮೊದಲ ಚೌಕವೇ ಇಲ್ಲ. ಅಜ್ಜಿ ಅಲ್ಲಿ ಕೂತಿದ್ದನ್ನು ನೋಡಿದವಳು ನಾನೊಬ್ಬಳೇ, ಅದನ್ನು ಎಲ್ಲರೂ ನೋಡಿದ್ದಾರೆ ಎಂದು ಭಾವಿಸಿ ಕ್ಯಾಮೆರಾ ಇಟ್ಟಿದ್ದೆ. ಹಿಂದಿನ ವರ್ಷದ ವಿಡಿಯೋ ಒಂದಿದೆ, 'ಬೈಸಿಕಲ್ ಥೀವ್ಸ್' ಹಾಕಿದ ರಾತ್ರಿಯದೇ. ಹನ್ನೊಂದು ಸೆಕೆಂಡಿನದು, ಫೋನನ್ನು ಉದ್ದಕ್ಕೆ ಹಿಡಿದು, ನಿಂತುಕೊಂಡು, ಮೇಲಿನಿಂದ ತೆಗೆದದ್ದು. ಅಜ್ಜಿಯ ನೆತ್ತಿ, ಕೈ, ಕತ್ತಿಯ ಅಂಚು ಕಾಣುತ್ತದೆ, ಮುಖ ಕಾಣುವುದಿಲ್ಲ. ಅದನ್ನು ಚಿತ್ರದ ಮುಂದೆ ಜೋಡಿಸಿ ನೋಡಿದೆ. ಎತ್ತರ ಹೊಂದುವುದಿಲ್ಲ, ದಿಕ್ಕು ಹೊಂದುವುದಿಲ್ಲ, ಅದೇ ಜಗಲಿ ಎಂದೂ ಗೊತ್ತಾಗುವುದಿಲ್ಲ. ತೆಗೆದುಬಿಟ್ಟೆ.

ಈ ಸಲದ ಕೊಯ್ಲು ಇನ್ನೇನು ಶುರುವಾಗಬೇಕು. ಅಮ್ಮನಿಗೆ ಈಗಾಗಲೇ ಹೇಳಿಟ್ಟಿದ್ದೇನೆ, ಮೊದಲ ರಾತ್ರಿಯಿಂದಲೇ ಫೋನನ್ನು ಮಣೆಯ ಮೇಲೆ ಇಡುತ್ತೇನೆ, ಎಲ್ಲರೂ ಬಂದು ಕೂತಿರುವಾಗ.